ಚೇಳಿನ ಗುರುತು

ಕೊಲಂಬೊದಿಂದ ಬಂದ ಗಂಟನ್ನು ಬಿಚ್ಚಿದಾಗ ಗುರುಲಿಂಗಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಜಮಖಾನವಲ್ಲ, ಅದರ ಮೇಲೆ ಮಡಚಿಟ್ಟಿದ್ದ ಒಂದು ಬಿಳಿ ಸೀರೆ. ಸೀರೆಯ ಹಿಂಬದಿ ಪೂರಾ ಕೆಂಪಾಗಿತ್ತು. ರಕ್ತವೇನೋ ಎಂದು ಆಕೆ ಒಂದು ಕ್ಷಣ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಬೆರಳಿಗೆ ಎಂಜಲು ಹಚ್ಚಿ ತಿಕ್ಕಿ ನೋಡಿದಳು. ಬಣ್ಣ.

ಜೊತೆಗೆ ಒಂದು ಕಾಗದವಿತ್ತು. ಇಂಗ್ಲಿಷಿನಲ್ಲಿದ್ದ ಅದನ್ನು ಮೈದುನ ಕೊಟ್ರಬಸಪ್ಪ ನಿಧಾನವಾಗಿ ಓದಿ ಹೇಳಿದ. ಬರೆದವರು ಕೊಲಂಬೊದ ಜಮಖಾನದ ಅಂಗಡಿಯವರು. ಏಳು ವರ್ಷದ ಹಿಂದೆ ಆದೋನಿಗೆ ಬಂದು ಗುರುಲಿಂಗಮ್ಮನ ಮಗ್ಗಗಳನ್ನು ಕಣ್ಣಾರೆ ನೋಡಿ ಹೋಗಿದ್ದವರು. ‘ನಿಮ್ಮ ಚೇಳಿನ ಜಮಖಾನವನ್ನು ನಂಬಿ ಒಂದು ಮದುವೆಗೆ ಹನ್ನೆರಡು ಕೊಟ್ಟೆ. ಸೆಖೆಗೆ ಕೂತವರ ಮೈ ಬೆವರಿ, ಬಿಳಿ ಬಟ್ಟೆ ಉಟ್ಟು ಬಂದಿದ್ದ ಅಷ್ಟೂ ಜನ ಕೆಂಪಾಗಿ ಎದ್ದರು. ಮದುವೆಯ ಮನೆಯವರು ನನ್ನ ಅಂಗಡಿಗೆ ಬಂದು ಬೈದರು. ನಾನು ಯಾರನ್ನು ಬೈಯಲಿ?’ ಎಂದು ಬರೆದಿದ್ದರು.

ಗುರುಲಿಂಗಮ್ಮ ಜಮಖಾನವನ್ನು ಅಂಗಳದಲ್ಲಿ ಹಾಸಿದಳು. ಮೂಲೆಯಲ್ಲಿ ಅವಳ ಮಾಲಿನ ಗುರುತಾದ ಚೇಳಿತ್ತು, ಬಾಲ ಎತ್ತಿದ ಕರಿ ಚೇಳು. ಆದರೆ ಇದು ತನ್ನ ಮನೆಯದಲ್ಲ ಎಂದು ತಿಳಿಯಲು ಆಕೆಗೆ ಮೂಲೆಯವರೆಗೆ ಹೋಗಬೇಕಾಗಿರಲಿಲ್ಲ. ಯುದ್ಧ ಶುರುವಾಗಿ ಒಳ್ಳೆಯ ಬಣ್ಣ ಬರುವುದು ನಿಂತಾಗ ಆಕೆ ಕೆಂಪು ನೇಯುವುದನ್ನೇ ಬಿಟ್ಟಿದ್ದಳು. ವರ್ಷದ ಮೇಲಾಗಿತ್ತು, ಅವಳ ಒಂಬತ್ತು ಮಗ್ಗಗಳಲ್ಲಿ ನೀಲಿ, ಕರಿ, ಬಿಳಿ ಬಿಟ್ಟು ಬೇರೆ ನೂಲು ಏರಿರಲಿಲ್ಲ.

“ಇದು ಯಾರ ಕೆಲಸ ಅಂತ ಗೊತ್ತಾತು,” ಎಂದಳು.

“ಅತ್ತಿಗಿ, ಹುಷಾರ್,” ಎಂದ ಕೊಟ್ರಬಸಪ್ಪ. “ಅವರ ಕೂಡ ಕೆಟ್ಟು ನಾವು ಬಜಾರದಾಗ ಬಾಳಾಕ ಆಗೂದಿಲ್ಲ.”

ಅವನು ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವಳ ಮಾಲನ್ನು ಹನ್ನೆರಡು ವರ್ಷದಿಂದ ಕೊಂಡು ಕೊಲಂಬೊಕ್ಕೆ ಕಳಿಸುತ್ತಿದ್ದವನು ಒಬ್ಬನೇ, ಹತ್ತಿ ಮಂಡಿಯ ಸೋಮಶೇಖರಪ್ಪ.

ಅದೇ ಮಧ್ಯಾಹ್ನ ಗುರುಲಿಂಗಮ್ಮ ಜಮಖಾನವನ್ನು ಹೆಗಲ ಮೇಲೆ ಹಾಕಿಕೊಂಡು ಬಜಾರದ ನಡುವೆ ನಡೆದುಹೋದಳು. ಗಂಡ ಮರಿಬಸಪ್ಪ ತೀರಿಕೊಂಡು ಹದಿನಾರು ವರ್ಷವಾಗಿದ್ದರೂ ಲಿಂಗವಂತರ ಮನೆಯ ವಿಧವೆ ಹಗಲು ಹೊತ್ತಿನಲ್ಲಿ ಮಂಡಿಯ ಮೆಟ್ಟಿಲು ಹತ್ತುವುದನ್ನು ಜನ ಇನ್ನೂ ನಿಂತು ನೋಡುತ್ತಿದ್ದರು. ಸೋಮಶೇಖರಪ್ಪ ಗಾದಿಯ ಮೇಲೆ ಕೂತು ಹತ್ತಿಯ ಎಳೆ ಎಳೆದು ಉದ್ದ ನೋಡುತ್ತಿದ್ದ. ಆಕೆ ಜಮಖಾನವನ್ನು ಅವನ ಮುಂದೆ ಕೊಡವಿ ಹಾಸಿದಳು.

“ಇದು ನಿಮ್ಮ ಕಡಿಯಿಂದ ಹೋಗೇತಿ.”

“ಯುದ್ಧದ ಕಾಲ, ತಂಗಿ,” ಎಂದ ಅವನು ತಲೆ ಎತ್ತದೆ. “ಕೊಲಂಬೊದವರು ಕೆಂಪ ಬೇಕಂದ್ರು. ನೀ ನೇಯೂದಿಲ್ಲ ಅಂದಿ. ನಾ ಬ್ಯಾರೆ ಕಡಿ ನೇಸಿದೆ.”

“ನೇಸ್ರಿ. ಬ್ಯಾಡ ಅಂದವರು ಯಾರು? ನನ್ನ ಚೇಳು ಯಾಕ ಹಾಕಿದ್ರಿ?”

“ನಿನ್ನ ಚೇಳು?” ಈಗ ಅವನು ತಲೆ ಎತ್ತಿ ನಕ್ಕ. “ಸರ್ಕಾರ ಹೊಸಾ ಕಾಯ್ದೆ ತಂದೈತಿ. ವ್ಯಾಪಾರದ ಗುರುತು ಅಂದ್ರ ಇನ್ನ ಮ್ಯಾಲೆ ಮುಂಬಯಿದಾಗ ರಿಜಿಸ್ಟರ್ ಆಗಬೇಕು. ನಾ ಅರ್ಜಿ ಹಾಕೀನಿ. ಅವರ ಜರ್ನಲ್‌ದಾಗ ಚೇಳು ನನ್ನ ಹೆಸರಿನ ಮ್ಯಾಲೆ ಅಚ್ಚೂ ಆಗೇತಿ. ನೀ ಅಂಜಬ್ಯಾಡ. ನಿನ್ನ ಒಂಬತ್ತು ಮಗ್ಗದ ಮಾಲೂ ನಾನ ತಗೋತೀನಿ. ಆದ್ರ ಚೇಳು ನೇಯಬೇಕಂದ್ರ ನನ್ನ ಕೇಳಿ ನೇಯಬೇಕು.”

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಗುರುಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿದಳು.

“ನಾಳೆ ಹೊತ್ತು ಮೂಡಿದ ಕೂಡ್ಲೆ ಒಂಬತ್ತೂ ಮಗ್ಗದಾಗ ಚೇಳು ಏಳ್ತಾವ. ಬಂದು ಎಣಿಸ್ಕೊಂಡು ಹೋಗ್ರಿ,” ಎಂದು ಹೇಳಿ ಇಳಿದು ಬಂದಳು. ಜಮಖಾನವನ್ನು ಅಲ್ಲೇ ಬಿಟ್ಟಳು.

ಅವನು ಎಣಿಸಲು ಬರಲಿಲ್ಲ. ವಾರದ ಮೇಲೆ ವಕೀಲರ ನೋಟೀಸು ಬಂತು: ಚೇಳಿನ ಗುರುತು ಬಳಸುವುದನ್ನು ಕೂಡಲೇ ನಿಲ್ಲಿಸಬೇಕು. ಕೊಟ್ರಬಸಪ್ಪ ಅದನ್ನು ಓದಿ ಮಡಚಿಟ್ಟ.

“ಬ್ಯಾರೆ ಚಿತ್ರ ಹಾಕೋಣ, ಅತ್ತಿಗಿ. ನವಿಲು ಹಾಕೋಣ. ಜನ ಕೂಡೂದು ಜಮಖಾನದ ಮ್ಯಾಲೆ, ಚಿತ್ರದ ಮ್ಯಾಲಲ್ಲ.”

“ನವಿಲು ಹಾಕಿದ್ರ ಅದು ಹೆಸರು ಮಾಡಾಕ ಮತ್ತ ಹದಿನಾರು ವರ್ಷ ಬೇಕು. ಆಗ ಅದನ್ನೂ ಬಂದು ಒಯ್ತಾನ. ಎಷ್ಟು ಪ್ರಾಣಿ ಕೊಡಾಣ ಅವನಿಗೆ?”

ಮರುದಿನ ಆಕೆ ರೈಲು ಹತ್ತಿ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬಳ್ಳಾರಿಗೆ ಹೋದಳು. ಅಲ್ಲಿ ಮಲ್ಲಯ್ಯ ಎಂಬ ವಕೀಲರಿದ್ದರು. ಉಬ್ಬಸದ ಮನುಷ್ಯ, ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವವರು. ನೋಟೀಸನ್ನು ಓದಿ, ಕಪಾಟಿನಿಂದ ಹೊಸ ಕಾಯ್ದೆಯ ಪುಸ್ತಕ ತೆಗೆದು ಒಂದು ತಾಸು ತಿರುವಿದರು.

“ಸೋಮಶೇಖರಪ್ಪ ನಿಮಗೆ ಅರ್ಧ ಹೇಳ್ಯಾನ,” ಎಂದರು ಕೊನೆಗೆ. “ಅರ್ಜಿ ಮೊದ್ಲು ಹಾಕಿದ್ರ ಗುರುತು ಅವಂದಾಗೂದಿಲ್ಲ. ಮೊದ್ಲು ಬಳಸಿದವರದು ಹಕ್ಕು. ಜರ್ನಲ್‌ದಾಗ ಅಚ್ಚು ಮಾಡೂದ ಅದಕ್ಕ. ಯಾರಿಗಾದ್ರೂ ತಕರಾರು ಇದ್ರ ನಾಕು ತಿಂಗಳದಾಗ ಹೇಳ್ರಿ ಅಂತ. ಮೂರು ತಿಂಗಳು ಹೋಗ್ಯಾವ. ಇನ್ನೊಂದು ಉಳದೈತಿ.”

“ಹಂಗಾದ್ರ ಹೇಳೋಣ.”

“ಹೇಳಿದ್ರ ಸಾಲದು. ಅವ ಮೂವತ್ತೊಂದನೇ ಇಸವಿಯಿಂದ ಬಳಸೀನಿ ಅಂತ ಬರದಾನ. ನೀವು?”

“ಇಪ್ಪತ್ತೇಳರಿಂದ.”

“ಎದರಾಗ ಬರದೈತಿ?”

ಗುರುಲಿಂಗಮ್ಮ ತಂದಿದ್ದ ಚೀಲ ಬಿಚ್ಚಿದಳು. ರಸೀದಿಗಳಲ್ಲಿ ಬರೀ ‘ಜಮಖಾನ’ ಎಂದಿತ್ತು. ಚೇಳು ಎಂದು ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಕಾಗದದಾಗ ಎಲ್ಲೂ ಬರದಿಲ್ರಿ. ನೇದದ್ದರಾಗ ಐತಿ,” ಎಂದಳು.

“ಹಂಗಾದ್ರ ನೇದದ್ದನ್ನ ಹುಡುಕಿ ತರ್ರಿ,” ಎಂದರು ಮಲ್ಲಯ್ಯ. “ಇಸವಿ ಇರಬೇಕು. ಮೂವತ್ತೊಂದಕ್ಕಿಂತ ಹಳೇದಿರಬೇಕು.”

ಆಗಿನ ಕಾಲಕ್ಕೆ ಮದುವೆಗೋ ಮಠಕ್ಕೋ ನೇಯಿಸುವವರು ತಮ್ಮ ಹೆಸರು, ಇಸವಿ ಹಾಕಿಸುವುದಿತ್ತು. ಅಂಥವನ್ನು ನೇದದ್ದು ಹೆಚ್ಚಾಗಿ ಪಕೀರಪ್ಪ. ಅವನು ಗುರುಲಿಂಗಮ್ಮ ಎರಡೇ ಮಗ್ಗದಿಂದ ಕೆಲಸ ಶುರುಮಾಡಿದ ದಿನದಿಂದ ಜೊತೆಗಿದ್ದವನು. ಯಾರಿಗೆ ಏನು ನೇದು ಕೊಟ್ಟೆ ಎಂಬುದು ಅವನಿಗೆ ಬಾಯಿಪಾಠ. ಇಬ್ಬರೂ ಹೊರಟರು.

ಕೋಸಗಿಯ ಛತ್ರದಲ್ಲಿ ಒಂದು ಸಿಕ್ಕಿತು. ಮೂಲೆಯನ್ನು ಇಲಿ ತಿಂದಿತ್ತು. ಚೇಳಿನ ಬಾಲವಷ್ಟೇ ಉಳಿದಿತ್ತು, ಇಸವಿ ಇರಲಿಲ್ಲ. ದೇವನಕೊಂಡದಲ್ಲಿ ಒಬ್ಬ ಗೌಡರು ತಮ್ಮ ಜಮಖಾನವನ್ನು ಕತ್ತರಿಸಿ ಎತ್ತುಗಳಿಗೆ ಜೂಲು ಹೊಲಿಸಿದ್ದರು. ಗುರುಲಿಂಗಮ್ಮ ಕೊಟ್ಟಿಗೆಗೆ ಹೋಗಿ ಎರಡೂ ಎತ್ತುಗಳ ಬೆನ್ನನ್ನು ಸುತ್ತ ನೋಡಿ ಬಂದಳು. ಚೇಳಿದ್ದ ತುಂಡು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಹದಿನೈದು ದಿನ ಹೀಗೇ ಕಳೆಯಿತು.

“ಚಿಪ್ಪಗಿರಿದಾಗ ಉರುಕುಂದಮ್ಮ ಅಂತ ಅದಾಳ್ರಿ ಅಮ್ಮಾ,” ಎಂದ ಪಕೀರಪ್ಪ. “ಮಗಳ ಮದಿವಿಗೆ ನೇಸಿದ್ಳು. ಅದು ಐತೋ ಇಲ್ಲೋ ಹೇಳಾಕ ಬರೂದಿಲ್ಲ.”

ಅದು ಇತ್ತು. ಉರುಕುಂದಮ್ಮ ನಾಲ್ಕೆಕರೆ ಮಳೆ ಭೂಮಿಯ ಒಕ್ಕಲಗಿತ್ತಿ. ಬಂದ ಕಾರಣ ಕೇಳಿ ಒಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ತಂದು ತೊಡೆಯ ಮೇಲಿಟ್ಟುಕೊಂಡೇ ಬಿಚ್ಚಿದಳು. ಅಂಚಿನ ಉದ್ದಕ್ಕೂ ನೀಲಿ ಅಕ್ಷರಗಳಿದ್ದವು: ಪೀರಮ್ಮ ೧೯೨೯. ಅದರ ಪಕ್ಕಕ್ಕೆ ಚೇಳು. ಬಣ್ಣ ನಿನ್ನೆ ಅದ್ದಿದಂತಿತ್ತು.

ಗುರುಲಿಂಗಮ್ಮ ಕೈ ಚಾಚಿದಳು. ಉರುಕುಂದಮ್ಮ ಕೊಡಲಿಲ್ಲ.

“ನೋಡ್ರಿ, ಬ್ಯಾಡ ಅನ್ನಾಂಗಿಲ್ಲ. ಮುಟ್ಟಬ್ಯಾಡ್ರಿ. ಇದರ ಮ್ಯಾಲ ಆಕಿ ಒಂದ ವರ್ಷ ಮಲಗ್ಯಾಳ. ಹೆರಿಗ್ಯಾಗ ಹೋದ್ಳು. ನಾ ಇದನ್ನ ಒಗದಿಲ್ಲ, ಯಾರಿಗೂ ಹಾಸಿಲ್ಲ.”

ಗುರುಲಿಂಗಮ್ಮ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ತಿಂಗಳಿನಲ್ಲಿ ಉಳಿದದ್ದು ಹನ್ನೆರಡು ದಿನ. ಕೇಳಿದರೆ ಇಂಥವಳನ್ನು ಕೇಳಬೇಕು, ಕೇಳದಿದ್ದರೆ ಎಲ್ಲ ಹೋಗುತ್ತದೆ. ಆಕೆ ಎದ್ದು ನಿಂತಳು.

“ಇಟ್ಕೊಳ್ಳವ್ವ. ನಾನು ಕೇಳಿಲ್ಲ ಅನ್ಕೋ.”

ಬಾಗಿಲ ಹೊರಗೆ ಕೂತಿದ್ದ ಪಕೀರಪ್ಪ ಆಗ ಬಾಯಿ ತೆಗೆದ. “ಆ ಹುಡುಗಿ ಆದೋನಿಗೆ ಬಂದಿತ್ತವ್ವ. ತನ್ನ ಹೆಸರು ಹೆಂಗ ಏಳ್ತೈತಿ ನೋಡಬೇಕಂತ ಮಗ್ಗದ ಮುಂದ ದಿನಾ ಪೂರಾ ಕುಂತಿತ್ತು. ‘ಪೀ’ ಮುಗಿದ ಕೂಡ್ಲೆ ಚಪ್ಪಾಳಿ ಹೊಡೀತು. ಚೇಳು ಬಂದಾಗ ಮಾತ್ರ ಕಾಲು ಮ್ಯಾಲ ಎತ್ಕೊಂತು, ಕಡದೀತು ಅಂತ.”

ಉರುಕುಂದಮ್ಮ ನಕ್ಕಳು. ನಗುತ್ತಲೇ ಅತ್ತಳು. ಬಹಳ ಹೊತ್ತಿನ ಮೇಲೆ ಗಂಟನ್ನು ಕಟ್ಟಿ, “ಇದನ್ನ ಕೊಡಾಂಗಿಲ್ಲ. ಇದರ ಕೂಡ ನಾನ ಬರ್ತೀನಿ. ಎಲ್ಲಿಗೆ ಹೋಗಬೇಕು?” ಎಂದು ಕೇಳಿದಳು.

ಆಕ್ಷೇಪಣೆ ಗಡುವಿಗೆ ಆರು ದಿನ ಮೊದಲು ಮುಂಬಯಿಗೆ ಹೋಯಿತು. ಉರುಕುಂದಮ್ಮನ ಮಾತು, ಪಕೀರಪ್ಪನ ಮಾತು ಅಫಿಡವಿಟ್ಟಾಗಿ ಹೋದವು. ಆಮೇಲೆ ಕಾಯುವುದು. ವಿಚಾರಣೆಯ ತಾರೀಖು ಬರಲು ಒಂದೂವರೆ ವರ್ಷ ಹಿಡಿಯಿತು, ಆ ಒಂದೂವರೆ ವರ್ಷ ಸೋಮಶೇಖರಪ್ಪ ಸುಮ್ಮನೆ ಕೂಡಲಿಲ್ಲ. ನೂಲಿಗೆ ಆಗ ಸರ್ಕಾರದ ಹಿಡಿತವಿತ್ತು. ಹಂಚುವ ಅಂಗಡಿಗಳವರೆಲ್ಲ ಅವನ ಜೊತೆಯವರು. ಗುರುಲಿಂಗಮ್ಮನ ಪಾಲಿನ ನೂಲು ಯಾವಾಗಲೂ ‘ಇನ್ನೂ ಬಂದಿಲ್ಲ.’ ಇಬ್ಬರು ನೇಕಾರರು ಅವನ ಮಗ್ಗಕ್ಕೆ ಹೋದರು. ಕೊಟ್ರಬಸಪ್ಪ ಒಂದು ಬೆಳಿಗ್ಗೆ ತಲೆ ತಗ್ಗಿಸಿ ಬಂದು ತನ್ನ ಪಾಲು ಕೇಳಿದ.

“ನನಗ ಮಕ್ಕಳದಾವ, ಅತ್ತಿಗಿ. ನಿನ್ನಷ್ಟು ಗಟ್ಟಿ ಇಲ್ಲ ನಾನು.”

“ಮೂರು ಮಗ್ಗ ತಗೊಂಡು ಹೋಗು. ಆದ್ರ ಚೇಳು ಇಲ್ಲೇ ಇರ್ತೈತಿ,” ಎಂದಳು ಆಕೆ. ಅವನು ಹೋದಮೇಲೆ ಖಾಲಿಯಾದ ಜಾಗದಲ್ಲಿ ತಾನೇ ಕಸ ಗುಡಿಸಿದಳು.

ಒಂಬತ್ತರಲ್ಲಿ ನಾಲ್ಕು ಉಳಿದವು. ಅಂಗಡಿಯ ನೂಲಿಲ್ಲದಿದ್ದರೆ ಕೈನೂಲು. ಆಕೆ ಹತ್ತಿ ಕೊಂಡು ಊರೂರಿಗೆ ಹಂಚಿದಳು. ಉರುಕುಂದಮ್ಮ ಚಿಪ್ಪಗಿರಿಯ ಹನ್ನೊಂದು ಹೆಂಗಸರ ಕೈಗೆ ರಾಟಿ ಕೊಡಿಸಿದಳು. ನೂಲು ದಪ್ಪ ಬಂತು. ಜಮಖಾನಕ್ಕೆ ದಪ್ಪವೇ ಬೇಕಿತ್ತು. ನಾಲ್ಕೂ ಮಗ್ಗದಲ್ಲಿ ಚೇಳು ಏಳುವುದು ಒಂದು ದಿನವೂ ನಿಲ್ಲಲಿಲ್ಲ.

ನಲವತ್ತೈದನೆಯ ಇಸವಿ ಶಿವರಾತ್ರಿ ಕಳೆದ ವಾರ ನಾಲ್ವರು ಮುಂಬಯಿ ಮೇಲ್ ರೈಲು ಹತ್ತಿದರು: ಗುರುಲಿಂಗಮ್ಮ, ಮಲ್ಲಯ್ಯ, ಪಕೀರಪ್ಪ, ತೊಡೆಯ ಮೇಲೆ ಗಂಟಿಟ್ಟುಕೊಂಡ ಉರುಕುಂದಮ್ಮ.

ರಿಜಿಸ್ಟ್ರಾರ್ ಕಚೇರಿ ಕೋರ್ಟಿನ ಹಾಗಿರಲಿಲ್ಲ. ಉದ್ದನೆಯ ಮೇಜು, ನಾಲ್ಕಾರು ಕುರ್ಚಿ, ಮೇಜಿನ ಆಚೆ ಕನ್ನಡಕದ ಅಧಿಕಾರಿ. ಸೋಮಶೇಖರಪ್ಪ ಬಿಳಿ ರುಮಾಲು ಸುತ್ತಿ, ಮುಂಬಯಿಯ ವಕೀಲರನ್ನು ಕರೆದುಕೊಂಡು ಬಂದಿದ್ದ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಮಲ್ಲಯ್ಯ ಆಗಾಗ ಬಗ್ಗಿ ಕನ್ನಡದಲ್ಲಿ ಹೇಳುತ್ತಿದ್ದರು.

“ಹೆಸರು, ಇಸವಿ ಆಮ್ಯಾಲೆ ಸೂಜಿಲೆ ಹೊಲದದ್ದು ಅಂತಾನ ಅವರ ವಕೀಲ.”

ಅದನ್ನು ಕೇಳಿ ಉರುಕುಂದಮ್ಮ ಯಾರ ಅಪ್ಪಣೆಗೂ ಕಾಯದೆ ಎದ್ದು ಗಂಟು ಬಿಚ್ಚಿ, ಮಗಳ ಜಮಖಾನವನ್ನು ಆ ಕಚೇರಿಯ ನೆಲದ ಮೇಲೆ ಹಾಸಿದಳು. ಪಕೀರಪ್ಪ ಅದರ ಮೂಲೆಯನ್ನು ಮಗುಚಿ ಹಿಡಿದ.

“ಸೂಜಿ ಅಲ್ರಿ ಸಾಮಿ. ಈ ಕಡಿ ನೋಡ್ರಿ, ಆ ಕಡಿ ನೋಡ್ರಿ, ಎರಡೂ ಕಡಿ ಒಂದ. ಉದ್ದ ಎಳಿ ಹಾಸು ಒಂದ, ಅದರಾಗ ಅಡ್ಡ ಎಳಿ ಹೊಕ್ಕು ನೀಲಿದು ಬಂದೈತಿ. ಇದನ್ನ ಆಮ್ಯಾಲೆ ಹಾಕಬೇಕಂದ್ರ ಜಮಖಾನ ಪೂರಾ ಬಿಚ್ಚಿ ಮತ್ತ ಮಗ್ಗಕ್ಕ ಏರಿಸಬೇಕು.”

ಮಲ್ಲಯ್ಯ ಅದನ್ನು ಹೇಳಿ ಮುಗಿಸುವ ಮೊದಲೇ ಅಧಿಕಾರಿ ಕುರ್ಚಿ ಬಿಟ್ಟು ಬಂದು, ಪಂಚೆ ಉಟ್ಟ ನೇಕಾರನ ಪಕ್ಕ ಪ್ಯಾಂಟಿನ ಮೊಣಕಾಲೂರಿ ಕೂತಿದ್ದರು. ಕನ್ನಡಕ ತೆಗೆದು ಎಳೆಗೆ ಕಣ್ಣು ಹತ್ತಿಸಿ ಬಹಳ ಹೊತ್ತು ನೋಡಿದರು. ಎದ್ದಮೇಲೆ ಗುರುಲಿಂಗಮ್ಮನ ಕಡೆ ತಿರುಗಿ ಏನೋ ಕೇಳಿದರು.

“ಕೂಡೋ ಜಮಖಾನದ ಮ್ಯಾಲೆ ಚೇಳು ಯಾರು ಹಾಕ್ತಾರ, ಯಾಕ ಹಾಕಿದ್ರಿ ಅಂತ ಕೇಳ್ತಾರ,” ಎಂದರು ಮಲ್ಲಯ್ಯ.

ಗುರುಲಿಂಗಮ್ಮ ಎದ್ದು ನಿಂತಳು. ಇದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

“ನನ್ನ ಗಂಡ ತೀರ್ಕೊಂಡು ಮೂರು ತಿಂಗಳಾಗಿತ್ತು. ಎರಡು ಮಗ್ಗ ಇಟ್ಟೆ. ಬಜಾರದಾಗ ನೂಲು ಕೇಳಾಕ ಹೋದ್ರ ಒಬ್ಬ ಸಾವ್ಕಾರ, ಗಂಡನ್ನ ತಿಂದಾಕಿ ಬಂದ್ಳು, ಚೇಳಿನಂಥಾಕಿ, ದೂರ ಸರೀರಿ ಅಂದ. ಎಲ್ಲಾರೂ ನಕ್ಕರು. ನಾ ಮನಿಗೆ ಬಂದು ಇದ್ದಿಲಲೆ ನೆಲದ ಮ್ಯಾಲೆ ಚೇಳು ಬರದೆ. ಇದನ್ನ ನೇಯಿ ಅಂದೆ ಪಕೀರಪ್ಪಗ. ನನಗ ಅವರು ಇಟ್ಟ ಹೆಸರು, ನನ್ನ ಮಾಲಿಗೆ ನಾ ಇಟ್ಟೆ. ಅದರ ಮ್ಯಾಲೆ ಅವರ ಬಂದು ಕೂಡಲಿ ಅಂತ.”

ಸೋಮಶೇಖರಪ್ಪ ರುಮಾಲು ಸರಿಮಾಡಿಕೊಂಡ. ಹದಿನೆಂಟು ವರ್ಷದ ಹಿಂದೆ ತನ್ನದೇ ಮಂಡಿಯ ಮೆಟ್ಟಿಲ ಮೇಲೆ ನಕ್ಕವರಲ್ಲಿ ತಾನೂ ಇದ್ದದ್ದು ಅವನಿಗೆ ನೆನಪಾಯಿತೋ ಇಲ್ಲವೋ.

ಅವನ ವಕೀಲ ಕೊನೆಯ ಮಾತೊಂದನ್ನು ಎತ್ತಿದ. ಈಕೆ ಒಂದು ಜಮಖಾನವನ್ನೂ ತನ್ನ ಕೈಯಿಂದ ಹೊರದೇಶಕ್ಕೆ ಕಳಿಸಿಲ್ಲ; ಸಮುದ್ರದಾಚೆ ಚೇಳಿಗೆ ಹೆಸರು ತಂದವನು ನಮ್ಮ ಕಕ್ಷಿದಾರ. ಇದಕ್ಕೆ ಗುರುಲಿಂಗಮ್ಮ ಕೊಲಂಬೊದ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

“ಮದಿವ್ಯಾಗ ಬಣ್ಣ ಬಿಟ್ಟಾಗ ಅವರು ಇವರಿಗೆ ಬರೀಲಿಲ್ಲ. ಕಳಿಸಿದವರು ಇವರು, ಆದ್ರೂ ನನಗ ಬರದ್ರು. ಬೈಗಳ ಯಾರ ಮನಿ ಬಾಗಲಿಗೆ ಬರ್ತಾವೋ ಗುರುತು ಅವರದ ಅಲ್ಲೇನ್ರಿ?”

ಮಲ್ಲಯ್ಯ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಅಧಿಕಾರಿ ತಲೆ ತಗ್ಗಿಸಿ ಬರೆದುಕೊಂಡರು.

ಎರಡು ತಿಂಗಳ ಮೇಲೆ ತೀರ್ಪು ಬಂತು. ಸೋಮಶೇಖರಪ್ಪನ ಅರ್ಜಿ ತಿರಸ್ಕಾರವಾಗಿತ್ತು; ಗುರುಲಿಂಗಮ್ಮ ತನ್ನ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಮಲ್ಲಯ್ಯ ಸುದ್ದಿ ಹೇಳಲು ಬಳ್ಳಾರಿಯಿಂದ ತಾವೇ ಬಂದಿದ್ದರು. ಆದರೆ ಅವರ ಮುಖ ಅರ್ಧವಷ್ಟೇ ಅರಳಿತ್ತು.

“ಇನ್ನೊಂದು ಐತಿ, ತಾಯಿ. ಅವ ಕೊಲಂಬೊದಾಗೂ ಚೇಳು ತನ್ನ ಹೆಸರಿಗೆ ಬರಸ್ಯಾನ. ಅದು ಆಗಲೇ ರಿಜಿಸ್ಟರ್ ಆಗಿಹೋಗೇತಿ. ಮುಂಬಯಿ ತೀರ್ಪು ಅಲ್ಲಿ ನಡೆಯೂದಿಲ್ಲ. ಆ ಸರ್ಕಾರ ಬ್ಯಾರೆ, ಆ ಪುಸ್ತಕ ಬ್ಯಾರೆ. ನಿಮ್ಮ ಚೇಳು ಅಲ್ಲಿ ಹೋದ್ರ ಅವ ಬಂದರದಾಗ ತಡೀಬಹುದು.”

ಗುರುಲಿಂಗಮ್ಮ ಕಂಬಕ್ಕೆ ಒರಗಿ ಕೂತಳು. ಒಂದು ಗುರುತಿಗೆ ದೇಶಕ್ಕೊಂದು ಬಾಗಿಲು, ಬಾಗಿಲಿಗೊಂದು ಜಗಳ. ಮೊದಲ ಸಲ ಆಕೆಗೆ ದಣಿವೆನಿಸಿತು. ನೀರು ತರಿಸಿ ಕುಡಿದಳು.

“ಅಲ್ಲಿ ಪುಸ್ತಕ ಇದ್ರ ವಕೀಲರೂ ಇರ್ತಾರಲ್ಲ?” ಎಂದು ಕೇಳಿದಳು.

“ಇರ್ತಾರ.”

“ಬರೀರಿ ಹಂಗಾದ್ರ.”

ಕೊಲಂಬೊದ ಅಂಗಡಿಯವರು ತಾವೇ ವಕೀಲರನ್ನು ಹುಡುಕಿಕೊಟ್ಟರು, ಸಾಕ್ಷಿ ಹೇಳುವೆನೆಂದೂ ಒಪ್ಪಿದರು. ಆದರೆ ಅವರದೊಂದು ಸಲಹೆಯೂ ಇತ್ತು. ‘ಕೇಸು ಮುಗಿಯುವವರೆಗೆ ಗುರುತಿಲ್ಲದೆ ಮಾಲು ಕಳಿಸಿ, ನಾನು ಮಾರಿಕೊಡುತ್ತೇನೆ’ ಎಂದು ಬರೆದರು. ಆಕೆ ಒಪ್ಪಲಿಲ್ಲ. ‘ಹೆಸರಿಲ್ಲದೆ ಕಳಿಸಿದರೆ, ಹೆಸರು ನನ್ನದಲ್ಲ ಎಂದು ನಾನೇ ಹೇಳಿದ ಹಾಗೆ’ ಎಂದು ಬರೆಸಿದಳು. ಮತ್ತೂ ಎರಡು ವರ್ಷ ಕೊಲಂಬೊಕ್ಕೆ ಒಂದು ಎಳೆಯೂ ಹೋಗಲಿಲ್ಲ. ಬಳ್ಳಾರಿ, ರಾಯಚೂರು, ಗುಂತಕಲ್ಲಿನ ಸಂತೆಗಳಲ್ಲಿ ಮಾರಿ ನಾಲ್ಕು ಮಗ್ಗಗಳನ್ನು ಉಳಿಸಿಕೊಂಡಳು. ಆ ನಡುವೆ ಮುಂಬಯಿಯಲ್ಲಿ ಚೇಳು ಅವಳ ಹೆಸರಿಗೆ ರಿಜಿಸ್ಟರ್ ಆಯಿತು.

ಕೊಲಂಬೊದ ವಿಚಾರಣೆಗೆ ಸೋಮಶೇಖರಪ್ಪ ಹೋಗಲೇ ಇಲ್ಲ. ನಲವತ್ತೇಳರ ಬೇಸಿಗೆಯಲ್ಲಿ ಆ ಪುಸ್ತಕದಿಂದಲೂ ಅವನ ಹೆಸರು ಹೊಡೆದುಹಾಕಿದರು.

ಅದಾಗಿ ವಾರಕ್ಕೆ ಅವನೇ ಅವಳ ಮನೆಗೆ ಬಂದ. ಪಡಸಾಲೆಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟ.

“ಆದದ್ದು ಆತು, ತಂಗಿ. ಹಡಗು, ಪರ್ಮಿಟ್ಟು, ಕಸ್ಟಮ್ಸು, ಇದೆಲ್ಲ ನಿನಗ ತಿಳಿಯೂದಿಲ್ಲ. ಚೇಳು ನಿಂದ ಇರಲಿ. ಮೊದಲಿನಂಗ ನಾ ಕಳಿಸಿ ಕೊಡ್ತೀನಿ.”

“ತಿಳೀದಿದ್ದದ್ದು ನಾಕು ವರ್ಷದಾಗ ತಿಳಕೊಂಡೀನ್ರಿ ಅಣ್ಣಾರ. ನೀವ ಕಲಿಸಿದ್ರಿ,” ಎಂದಳು ಗುರುಲಿಂಗಮ್ಮ. “ಇನ್ನೊಂದಿಷ್ಟು ಮಜ್ಜಿಗಿ ಹಾಕಲೇನು?”

ಅವನು ಬೇಡವೆಂದು ಎದ್ದು ಹೋದ.

ಮರುವಾರ ಐವತ್ತು ಜಮಖಾನಗಳ ಮೊದಲ ಬೇಲು ಆದೋನಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ಬಂತು. ತೂಕವಾದಮೇಲೆ ಗುಮಾಸ್ತ ಫಾರಂ ತೆಗೆದ.

“ಕಳಿಸೋರ ಹೆಸರು?”

“ಗುರುಲಿಂಗಮ್ಮ.”

“ಅದು ಸರೇ ಅಮ್ಮಾ. ಯಜಮಾನ್ರು, ಗಂಡಸರು ಯಾರದಾರ? ಅವರ ಹೆಸರು ಹೇಳ್ರಿ. ಫಾರಿನ್ನಿಗೆ ಹೋಗೋ ಮಾಲು, ಆಮ್ಯಾಲೆ ತೊಂದ್ರಿ ಆಗಬಾರದು.”

“ತೊಂದ್ರಿ ಏನೂ ಆಗೂದಿಲ್ಲ,” ಎಂದಳು ಆಕೆ, ಮೇಜಿನ ಮೇಲಿದ್ದ ಪೆನ್ನನ್ನು ತಾನೇ ಎತ್ತಿಕೊಂಡು. “ಎಲ್ಲಿ ಬರೀಬೇಕು ತೋರಿಸ್ರಿ. ನಾನ ಬರೀತೀನಿ.”